ಕಾಗದ ಬರೆಯದವರ ಯುದ್ಧ

1

ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಹಿಂದೂಸ್ತಾನಿ ಸಿಪಾಯಿಗಳು ತಮ್ಮ ಮನೆಗಳಿಗೆ ಬರೆದ ಕಾಗದಗಳು ಈಗ ಓದಲು ಸಿಗುತ್ತವೆ. ಲಂಡನ್ನಿನಲ್ಲಿ ಇಂಡಿಯಾ ಆಫೀಸಿನ ಕಡತಗಳೊಳಗೆ ಉಳಿದಿದ್ದ ಇವುಗಳಲ್ಲಿ ಕೆಲವನ್ನು ಆಯ್ದು ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು 1999ರಲ್ಲಿ ಪುಸ್ತಕ ಮಾಡಿದರು. ಇಂಥ ಕಾಗದಗಳನ್ನು ದನಿಯಿಲ್ಲದವರ ದನಿ ಎಂದು ಕೊಂಡಾಡುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ಈ ಮೆಚ್ಚುಗೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ದನಿಯಿಲ್ಲದವರು ಅನ್ನೋ ಮಾತು ಬಂದ ಕೂಡಲೇ ದಲಿತ ವಿಮರ್ಶೆ ಕಿವಿಗೊಟ್ಟು ಕೇಳಬೇಕಾಗುತ್ತದೆ: ಇದು ಯಾರ ದನಿ? ಇದರ ಕೆಳಗೆ ಇನ್ನೊಂದು ದನಿ ಇತ್ತೆ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು?

ಮೊದಲು ಈ ಕಾಗದಗಳು ಹೇಗೆ ಹುಟ್ಟಿದವು ಅಂತ ನೋಡೋಣ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ತುಕಡಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಒಟ್ಟು 1,30,000ಕ್ಕೂ ಹೆಚ್ಚು ಹಿಂದೂಸ್ತಾನಿಗಳು ಫ್ರಾನ್ಸಿನ ನೆಲ ತುಳಿದರು. ಕಾಲಾಳು ಪಡೆಗಳನ್ನು 1915ರ ಕೊನೆಗೆ ಮೆಸಪೊಟೇಮಿಯಾಕ್ಕೆ ಸಾಗಿಸಿದರು. ಕುದುರೆ ಪಡೆಗಳು 1918ರವರೆಗೆ ಅಲ್ಲೇ ಉಳಿದವು. 1915ರ ಮಾರ್ಚ್ ಹೊತ್ತಿಗೆ ಇವರು ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದ ಬರೆಯುತ್ತಿದ್ದರು. ಬಹುಪಾಲು ಸಿಪಾಯಿಗಳಿಗೆ ಓದುಬರಹ ಬಾರದು. ಸಿಪಾಯಿ ಹೇಳುತ್ತಾನೆ, ಪಕ್ಕದಲ್ಲಿ ಕೂತ ಅಕ್ಷರಬಲ್ಲವನು ಬರೆಯುತ್ತಾನೆ. ಬೊಲೋನ್ ಊರಿನ ಸೆನ್ಸಾರ್ ಕಚೇರಿಯಲ್ಲಿ ಇ.ಬಿ. ಹೋವೆಲ್ ಎಂಬ ಅಧಿಕಾರಿಯ ಕೈಕೆಳಗಿನವರು ಅದನ್ನು ಬಿಚ್ಚಿ ಓದುತ್ತಾರೆ; ಬೇಕೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ತಮ್ಮ ವರದಿಗೆ ಸೇರಿಸುತ್ತಾರೆ. ಕಾಗದ ಊರು ತಲುಪಿದ ಮೇಲೆ ಮತ್ತೊಬ್ಬ ಅಕ್ಷರಬಲ್ಲವನು ಅದನ್ನು ಮನೆಯವರಿಗೆ ಓದಿ ಹೇಳುತ್ತಾನೆ. ಇವತ್ತು ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಆ ಇಂಗ್ಲಿಷ್ ತುಣುಕುಗಳು ಮಾತ್ರ. ಹೆಂಡತಿಗೆ ಅಂತ ಹೇಳಿದ ಮಾತು ಎಷ್ಟು ಗಂಡಸರ ಕೈ ದಾಟಿ ನಮ್ಮ ಹತ್ತಿರ ಬಂದಿದೆ ಅಂತ ಓದುಗರು ಯೋಚಿಸಬೇಕು.

ನಡುವೆ ಇಷ್ಟು ಕಣ್ಣುಗಳಿವೆ ಅಂತ ಗೊತ್ತಿದ್ದೇ ಸಿಪಾಯಿ ಬರೆಸುತ್ತಾನೆ. ಅದಕ್ಕೇ ಅವನ ಮಾತು ಒಗಟಿನ ದಾರಿ ಹಿಡಿಯುತ್ತದೆ. ಕರಿಮೆಣಸು ಖರ್ಚಾಗಿಹೋಯಿತು, ಈಗ ಕೆಂಪು ಮೆಣಸಿನಕಾಯಿ ಬಳಸುತ್ತಿದ್ದಾರೆ ಎಂದರೆ, ನಮ್ಮವರು ಸತ್ತು ಮುಗಿದರು, ಈಗ ಬಿಳಿಯರನ್ನು ಮುಂದಕ್ಕೆ ಬಿಡುತ್ತಿದ್ದಾರೆ ಅಂತ. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜ ಕಳಿಸಿ ಅಂತ ಕೇಳಿದರೆ, ಅದನ್ನು ಮೈಗೆ ಹಚ್ಚಿ ಹುಣ್ಣು ಮಾಡಿಕೊಂಡು ಕಂದಕದಿಂದ ಪಾರಾಗುವ ಉಪಾಯ. ಈ ಯುದ್ಧವನ್ನು ಮಹಾಭಾರತಕ್ಕೆ ಹೋಲಿಸುವವರಿದ್ದಾರೆ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಅಂತ ಸುತ್ತುಬಳಸಿ ಹೇಳುವವರಿದ್ದಾರೆ. ಫ್ರಾನ್ಸಿನ ಹೆಂಗಸರನ್ನು ನೋಡಿ, ನಮ್ಮ ಹೆಣ್ಣುಮಕ್ಕಳನ್ನೂ ಓದಿಸಿ ಅಂತ ಬರೆಸಿದವರಿದ್ದಾರೆ. ನವ್ಯ ವಿಮರ್ಶೆ ಕಲಿಸಿಕೊಟ್ಟ ರೂಪಕ ಹುಡುಕುವ ಕಣ್ಣಿಗೆ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಸಿಪಾಯಿಗೆ ರೂಪಕ ಬೇಕಾಗಿದ್ದು ಸರ್ಕಾರದ ಕತ್ತರಿಯಿಂದ ತಪ್ಪಿಸಿಕೊಳ್ಳೋದಕ್ಕೆ. ದಣಿಯ ಎದುರು ನಿಂತೇ ದಣಿಯನ್ನು ಹಂಗಿಸುವ ಗಾದೆಗಳನ್ನು ಬಲ್ಲ ನಮ್ಮ ಕೇರಿಗಳಿಗೆ ಈ ವಿದ್ಯೆ ಹೊಸದೇನಲ್ಲ.

2

ಇಷ್ಟನ್ನು ಮನಸಾರೆ ಒಪ್ಪಿಕೊಂಡ ಮೇಲೆ ಮುಂದಿನ ಮಾತು. ಮನೆಗೆ ಕಾಗದ ಬರೆಯಬೇಕಾದರೆ ಮೊದಲು 'ಮನೆ' ಅನ್ನೋದೊಂದು ಇರಬೇಕು. ಗೋಡೆ ಮಾಡು ಇದ್ದರೆ ಸಾಲದು. ಟಪಾಲಿನವನು ಬಾಗಿಲಿಗೆ ಬರಬೇಕು, ಓದಿ ಹೇಳುವವನು ಅಂಗಳಕ್ಕೆ ಬರಲು ಹೇಸಬಾರದು, ಬರೆದ ಹೆಸರನ್ನು ಊರು ಹೆಸರೆಂದು ಒಪ್ಪಬೇಕು. ಈ ಕಾಗದಗಳಲ್ಲಿ ಕಾಣುವ ಮನೆ ಅಂಥದ್ದು. ಅಲ್ಲಿ ಹೊಲ ಇದೆ, ಹೊಲದ ಮೇಲೆ ಕೋರ್ಟಿನ ವ್ಯಾಜ್ಯ ಇದೆ, ಎತ್ತು ಎಮ್ಮೆ ಇವೆ, ಮದುವೆಯ ಖರ್ಚಿನ ಚಿಂತೆ ಇದೆ. ಎಲ್ಲಕ್ಕೂ ಮೇಲೆ 'ಇಜ್ಜತ್' ಇದೆ. ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಓಡಿಬಂದರೆ ಇಜ್ಜತ್ ಹೋಗುತ್ತದೆ, ಸತ್ತರೆ ಉಳಿಯುತ್ತದೆ, ಉಂಡ ಉಪ್ಪಿನ ಋಣ ತೀರುತ್ತದೆ. ಇಜ್ಜತ್ ಒಬ್ಬನದಲ್ಲ, ಅಪ್ಪನದು, ಕುಲದ್ದು, ಊರಿನದು.

ಇದು ಸುಮ್ಮನೆ ಒದಗಿಬಂದ ಮಾತಲ್ಲ. ಸೈನ್ಯ ಯಾರನ್ನು ಆರಿಸಿತ್ತು ಅನ್ನೋದರಲ್ಲೇ ಇದರ ಬೇರಿದೆ. 1885ರಿಂದ 1893ರವರೆಗೆ ಹಿಂದೂಸ್ತಾನದ ಸೇನೆಯ ಮುಖ್ಯಸ್ಥನಾಗಿದ್ದ ರಾಬರ್ಟ್ಸ್ ಮತ್ತು ಅವನಂಥವರು ಕೆಲವು ಕುಲಗಳು ಹುಟ್ಟಿನಿಂದಲೇ ಶೂರರು, ಉಳಿದವರು ಹುಟ್ಟಿನಿಂದಲೇ ಹೇಡಿಗಳು ಎಂದು ಗೆರೆ ಎಳೆದರು. ಜಾಟ್ ಸಿಖ್, ಪಂಜಾಬಿ ಮುಸಲ್ಮಾನ, ಪಠಾಣ, ರಜಪೂತ, ಡೋಗ್ರಾ, ಗಢವಾಲಿ, ಗೂರ್ಖ ಒಳಗೆ, ಉಳಿದವರು ಹೊರಗೆ. ಯಾವ ಜಾತಿಯನ್ನು ಯಾವ ತಾಲ್ಲೂಕಿನಿಂದ ತೆಗೆದುಕೊಳ್ಳಬೇಕು ಅಂತ ಕೈಪಿಡಿಗಳು ಅಚ್ಚಾದವು. ಮನುವಿನ ವಿಂಗಡಣೆಗೆ ಲಂಡನ್ನಿನ ಮೊಹರು ಬಿತ್ತು ಅಂದರೆ ಹೆಚ್ಚಿನ ಮಾತಾಗಲಿಕ್ಕಿಲ್ಲ. ಆದ್ದರಿಂದ ಈ ಕಾಗದಗಳಲ್ಲಿ ಬಡವ ಮಾತಾಡುತ್ತಾನೆ, ನಿಜ. ಆದರೆ ಅವನು ಭೂಮಿಯ ನಂಟು ಕಡಿಯದ ಬಡವ, ಊರೊಳಗಿನ ಬಡವ. ಸಾಮ್ರಾಜ್ಯದ ಎದುರು ಅವನು ಕೆಳಗಿದ್ದಾನೆ, ತನ್ನ ಊರಿನ ಕೇರಿಯ ಎದುರು ಮೇಲಿದ್ದಾನೆ. ಎರಡನ್ನೂ ಒಟ್ಟಿಗೆ ಹಿಡಿಯದ ಓದು ಅರೆ ಓದು.

ಈ ಗೆರೆಯೊಳಗೂ ಕೆಲವರು ನುಸುಳಿದ್ದರು. ಮಜಹಬಿ ಸಿಖ್ಖರು, ಅಂದರೆ ಜಾಡಮಾಲಿ ಕುಲದಿಂದ ಸಿಖ್ ಧರ್ಮಕ್ಕೆ ಬಂದವರು, 34ನೇ ಸಿಖ್ ಪಯನಿಯರ್ಸ್ ಪಡೆಯಲ್ಲಿ ಫ್ರಾನ್ಸಿಗೆ ಹೋಗಿದ್ದರು. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಪರೆಯರಿದ್ದರು. ಆದರೆ ಪಯನಿಯರ್, ಸ್ಯಾಪರ್ ಅನ್ನೋ ಹೆಸರುಗಳ ಕೆಲಸವೇನು? ಕಂದಕ ತೋಡುವುದು, ರಸ್ತೆ ಹಾಕುವುದು, ಸೇತುವೆ ಕಟ್ಟುವುದು. ಗುಂಡು ಹಾರಿಸುವುದೂ ಇತ್ತು, ಆದರೆ ಗುದ್ದಲಿ ಕೈಬಿಡಲಿಲ್ಲ.

ಈ ಅರೆ ಓದು ಸೃಜನಶೀಲ ಸಾಹಿತ್ಯದಲ್ಲೂ ನಡೆದಿದೆ. ಮುಲ್ಕ್ ರಾಜ್ ಆನಂದರು ಈ ಸಿಪಾಯಿಗಳ ಮೇಲೆ 'ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್' ಕಾದಂಬರಿ ಬರೆದರು. ನಾಯಕ ಲಾಲು ಪಂಜಾಬಿನ ರೈತನ ಮಗ. ಮನೆಯವರು ಕಳಕೊಂಡ ಹೊಲವನ್ನು ಸೈನ್ಯದ ಚಾಕರಿಯಿಂದ ಮರಳಿ ಪಡೆಯುವ ಕನಸು ಅವನದು. ಇದೇ ಆನಂದರು ಅದಕ್ಕೆ ಮೊದಲೇ, 1935ರಲ್ಲಿ, 'ಅನ್‌ಟಚಬಲ್' ಬರೆದಿದ್ದರು. ಅದರ ಬಖ ದಂಡಿನ ಅಂಚಿನಲ್ಲೇ ಬೆಳೆದವನು, ಗೋರಾ ಸಿಪಾಯಿಗಳ ಕಕ್ಕಸು ತೊಳೆದವನು, ಅವರ ಹಳೆ ಬೂಟು ಷರಾಯಿ ತೊಟ್ಟು ಮೆರೆಯುವ ಆಸೆಯವನು. ಸೈನ್ಯದ ಬಟ್ಟೆ ಬಖನ ಮೈಮೇಲಿದೆ, ಸೈನ್ಯದ ಕಥೆಗೆ ನಾಯಕ ಮಾತ್ರ ಲಾಲು. ಆನಂದರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ಹೊಲ ಕಳಕೊಂಡವನ ದುಃಖಕ್ಕೆ ಮಹಾಯುದ್ಧದ ಕಥೆಯಾಗುವ ಯೋಗ್ಯತೆ ಇದೆ, ಹೊಲವೇ ಇಲ್ಲದವನ ದುಃಖಕ್ಕೆ ಒಂದು ದಿನದ ಕಥೆ ಸಾಕು ಅನ್ನೋ ಹಾಗಾಯಿತಲ್ಲ, ಅದನ್ನು ವಿಮರ್ಶೆ ಗಮನಿಸಬೇಕು.

3

ಯುದ್ಧಕ್ಕೆ ಹೋದವರೆಲ್ಲ ಸಿಪಾಯಿಗಳಲ್ಲ. ಮೊದಲ ಮಹಾಯುದ್ಧಕ್ಕೆ ಸೇರಿಸಿಕೊಂಡವರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಬಂದೂಕು ಹಿಡಿಯದವರು. ಅಡಿಗೆಯವರು, ನೀರು ಹೊರುವ ಭಿಸ್ತಿಗಳು, ಡೋಲಿ ಹೊರುವವರು, ಕುದುರೆ ನೋಡುವವರು, ಅಗಸರು, ಮೋಚಿಗಳು, ಜಾಡಮಾಲಿಗಳು, ಕೂಲಿ ದಳದವರು. ರಾಧಿಕಾ ಸಿಂಘಾ 2020ರಲ್ಲಿ ಈ ಜನರ ಬಗ್ಗೆಯೇ ದೊಡ್ಡ ಗ್ರಂಥ ಬರೆದು ಇತಿಹಾಸದ ಸಾಲವನ್ನು ಸ್ವಲ್ಪ ತೀರಿಸಿದ್ದಾರೆ. ಇವರು ಸಿಪಾಯಿಗಿಂತ ಕಡಿಮೆ ಸಂಬಳದವರು. ಇವರಲ್ಲೂ ಎಲ್ಲರೂ ಅಸ್ಪೃಶ್ಯರಲ್ಲ. ಆದರೆ ಮಲ ಹೊತ್ತವರು ಯಾವ ಕುಲದವರು ಅಂತ ಯಾರೂ ಕೇಳಬೇಕಾಗಿಲ್ಲ.

ಇಂಗ್ಲೆಂಡಿನ ಬ್ರೈಟನ್ ಊರಿನ ಅರಮನೆಯನ್ನು 1914ರ ಕೊನೆಯಲ್ಲಿ ಗಾಯಾಳು ಸಿಪಾಯಿಗಳ ಆಸ್ಪತ್ರೆ ಮಾಡಿದರು. ಜಾತಿ ಕೆಡಬಾರದು ಅಂತ ಅಲ್ಲಿ ಒಂಬತ್ತು ಅಡಿಗೆಮನೆ ಕಟ್ಟಿಸಿದರು. ಹಿಂದೂಗಳಿಗೆ ಬೇರೆ ನಲ್ಲಿ, ಮುಸಲ್ಮಾನರಿಗೆ ಬೇರೆ ನಲ್ಲಿ. ಇದನ್ನೆಲ್ಲ ಫೋಟೋ ತೆಗೆದು ಸರ್ಕಾರ ಪ್ರಚಾರಕ್ಕೂ ಬಳಸಿಕೊಂಡಿತು. ಅಲ್ಲಿಂದ ಹೋದ ಕಾಗದಗಳಲ್ಲಿ ಅರಮನೆಯ ವೈಭವದ, ಸರ್ಕಾರ ತಮ್ಮ ಧರ್ಮ ಕಾಪಾಡಿದ ಮೆಚ್ಚುಗೆಯ ಮಾತುಗಳಿವೆ. ಈಗ ಆ ಮೆಚ್ಚುಗೆಯನ್ನು ತಿರುಗಿಸಿ ಓದಿ ನೋಡಿ. ಒಂಬತ್ತು ಒಲೆಗಳ ಬೂದಿ ಎತ್ತಿದವರು ಯಾರು? ಕಕ್ಕಸು ತೊಳೆದವರು ಯಾರು? 'ನನ್ನ ಧರ್ಮ ಕೆಟ್ಟಿಲ್ಲ, ಚಿಂತೆ ಮಾಡಬೇಡಿ' ಅನ್ನೋ ಅರ್ಥದ ಸಮಾಧಾನ ಮನೆ ತಲುಪಬೇಕಾದರೆ ಏಳು ಸಮುದ್ರದಾಚೆಗೂ ಒಬ್ಬ ಜಾಡಮಾಲಿ ಬೇಕಾಗಿದ್ದ. ಆ ಸಮಾಧಾನದ ಹಿಂದೆ ಅವನ ಕೈಗಳಿವೆ.

ಅವನ ಬರಹ ಎಲ್ಲಿದೆ? ಒಂದು ಕಡೆ ಇದೆ, ಕಲ್ಲಿನ ಮೇಲೆ. ಇಂಗ್ಲೆಂಡಿನ ದಕ್ಷಿಣದ ಬ್ರೋಕನ್‌ಹರ್ಸ್ಟ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಸುಖ ಎಂಬ ಜಾಡಮಾಲಿಯ ಸಮಾಧಿ ಇದೆ. ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಚಾಕರಿಗಿದ್ದ ಆತ 1915ರ ಜನವರಿ 12ರಂದು, ಮೂವತ್ತನೆಯ ವಯಸ್ಸಿನಲ್ಲಿ ಸತ್ತ. ಅಸ್ಪೃಶ್ಯನೆಂದು ಹಿಂದೂಗಳು ಅವನ ಹೆಣ ಸುಡಲು ಒಪ್ಪಲಿಲ್ಲ, ಮುಸಲ್ಮಾನನಲ್ಲವೆಂದು ಅವರ ಸ್ಮಶಾನದಲ್ಲೂ ಜಾಗ ಸಿಗಲಿಲ್ಲ, ಕೊನೆಗೆ ಪಾದ್ರಿಯೊಬ್ಬರು ತಮ್ಮ ಚರ್ಚಿನ ಮಣ್ಣಿನಲ್ಲಿ ಜಾಗ ಕೊಟ್ಟರು ಎಂಬುದು ಅಂದಿನಿಂದ ಹೇಳಿಕೊಂಡು ಬಂದಿರುವ ಕಥೆ. ಊರವರು ಹಣ ಹಾಕಿ ಕಲ್ಲು ನೆಡಿಸಿದರು.

ಆ ಕಲ್ಲನ್ನು ಒಂದು ಪಠ್ಯ ಅಂತ ಓದಬೇಕು. ಅದರ ಮೇಲೆ ವಿಳಾಸ ಇದೆ: ಬರೇಲಿ ಪಟ್ಟಣ, ಗಂಗಾಪುರ ಮೊಹಲ್ಲಾ. ಲಕೋಟೆಯ ಮೇಲೆ ಬರೆಯುವಂಥ ವಿಳಾಸ. ದೇಶ, ಮನೆ, ಗೆಳೆಯರನ್ನು ಬಿಟ್ಟು ಬಂದವನು ಅಂತ ಇದೆ. ಅವನಿಗೂ ಒಂದು ಮನೆ ಇತ್ತು ಅಂತ ಒಪ್ಪಿಕೊಂಡ ಬರಹ ಇದು. ಅದನ್ನು ಒಪ್ಪಿಕೊಂಡವರು ಅವನ ಜೊತೆ ಹಡಗಿನಲ್ಲಿ ಬಂದವರಲ್ಲ, ಗುರುತಿಲ್ಲದ ಹಳ್ಳಿಯವರು. ಹಾಗಂತ ಕೈಮುಗಿದು ಸುಮ್ಮನಾಗುವಂತಿಲ್ಲ. ಅದೇ ಕಲ್ಲು ಅವನನ್ನು ವಿನೀತ ಸೇವಕ ಎನ್ನುತ್ತದೆ. ಆಸ್ಪತ್ರೆಯಲ್ಲಿ ಅವನು ಎಂಥ ಕೆಲಸ ಮಾಡುತ್ತಿದ್ದ ಅಂತ ಹೇಳುವುದಿಲ್ಲ. ಅವನು ಕ್ರೈಸ್ತನಲ್ಲ ಅಂತ ಹೇಳುತ್ತದೆ. ಕ್ರೈಸ್ತನಲ್ಲದವನು ಇಲ್ಲಿ ಯಾಕೆ ಮಲಗಿದ್ದಾನೆ ಅಂತ ಹೇಳುವುದಿಲ್ಲ. ಜಾತಿ ಎಂಬ ಒಂದು ಪದ ಬಿಟ್ಟುಹೋಗಿದೆ. ಆ ಪದಕ್ಕಾಗಿಯೇ ಕಲ್ಲು ಅಲ್ಲಿ ನಿಂತಿದೆ. ಹೀಗೆ ಸುಖನ ಕಾಗದವನ್ನು ಬೇರೆಯವರು, ಬೇರೆ ಭಾಷೆಯಲ್ಲಿ, ಬೇರೆ ಓದುಗರಿಗಾಗಿ ಬರೆದರು. ಬರೇಲಿಯಲ್ಲಿ ಕಾಯುತ್ತಿದ್ದವರು ಆ ಓದುಗರಲ್ಲ.

4

ಹಾಗಾದರೆ ಅಸ್ಪೃಶ್ಯ ಸೈನಿಕ ಏನೂ ಬರೆಯಲೇ ಇಲ್ಲವೆ? ಬರೆದ. ಮನೆಗೆ ಬರೆದದ್ದು ಉಳಿಯಲಿಲ್ಲ, ಸರ್ಕಾರಕ್ಕೆ ಬರೆದದ್ದು ಉಳಿಯಿತು. ಇದಕ್ಕೆ ಯುದ್ಧಕ್ಕಿಂತ ಸ್ವಲ್ಪ ಹಿಂದಕ್ಕೆ, ಮುಂಬೈ ಪ್ರಾಂತ್ಯಕ್ಕೆ ಹೋಗಬೇಕು.

ಕಂಪನಿಯ ಕಾಲದಿಂದಲೂ ಮುಂಬೈ ಸೈನ್ಯದಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. 1818ರ ಕೋರೆಗಾಂವ್ ಯುದ್ಧದ ಸ್ತಂಭದ ಮೇಲೆ ಅವರ ಹೆಸರುಗಳಿವೆ. ಸೈನ್ಯ ಅವರಿಗೆ ಪೆನ್ಶನ್ ಕೊಟ್ಟಿತು. ಅದಕ್ಕಿಂತ ಹೆಚ್ಚಾಗಿ ಶಾಲೆ ಕೊಟ್ಟಿತು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸುಬೇದಾರರಾಗಿದ್ದರು, ಸೈನ್ಯದ ಶಾಲೆಯಲ್ಲೇ ಮಾಸ್ತರರಾಗಿದ್ದರು. ಊರಿನ ಶಾಲೆಯ ಬಾಗಿಲು ಮುಚ್ಚಿದ್ದಾಗ ದಂಡಿನ ಶಾಲೆಯ ಬಾಗಿಲು ತೆರೆದಿತ್ತು. 1890ರ ದಶಕದ ಮೊದಲಲ್ಲಿ, ಅದೇ ಶೂರಕುಲಗಳ ಸಿದ್ಧಾಂತ ಹಿಡಿದು, ಮಹಾರರ ಭರ್ತಿಯನ್ನು ನಿಲ್ಲಿಸಿಬಿಟ್ಟರು. ಒಂದು ಕಚೇರಿ ಹುಕುಮಿನಿಂದ ಸಂಬಳ, ಪೆನ್ಶನ್, ಶಾಲೆ ಮೂರೂ ಹೋದವು. ಸೈನ್ಯವನ್ನು ದಲಿತರ ಬಿಡುಗಡೆಯ ದಾರಿ ಎಂದು ಹಾಡಿಹೊಗಳುವವರು ಈ ಹುಕುಮನ್ನೂ ನೆನಪಿಡಬೇಕು. ಬಿಳಿಯ ದಣಿ ಕೊಟ್ಟದ್ದನ್ನು ಬಿಳಿಯ ದಣಿಯೇ ಕಿತ್ತುಕೊಂಡ, ಅದೂ ಮೇಲುಜಾತಿಯ ಲೆಕ್ಕಾಚಾರವನ್ನು ತನ್ನದಾಗಿ ಮಾಡಿಕೊಂಡು.

ಈ ಅನ್ಯಾಯದ ವಿರುದ್ಧ ಗೋಪಾಲ ಬಾಬಾ ವಲಂಗಕರ್ 1894ರಲ್ಲಿ ಮನವಿ ಬರೆದರು. ಅವರು ಸ್ವತಃ ನಿವೃತ್ತ ಸೈನಿಕ. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಮತ್ತು ಸಂಗಡಿಗರು ಮತ್ತೊಂದು ಮನವಿಯನ್ನು ಲಂಡನ್ನಿನ ಮಂತ್ರಿಯವರೆಗೂ ಕಳಿಸಿದರು. ನಮ್ಮ ವಿಮರ್ಶೆ ಇಂಥ ಮನವಿಗಳನ್ನು ಚರಿತ್ರೆಯವರ ಪಾಲಿಗೆ ಬಿಟ್ಟು ಕವಿತೆ ಕಥೆಗಳ ಹಿಂದೆ ಹೋಗುತ್ತದೆ. ಅರ್ಜಿಯನ್ನು ಅರ್ಜಿ ಅಂತ ನೋಡುವ ನಮ್ಮ ಚಾಳಿ ಬಿಡಬೇಕು. ಇವೂ ಸಿಪಾಯಿಯ ಕಾಗದಗಳೇ. ಕಂದಕದ ಸಿಪಾಯಿ ಮನೆಗೆ ಬರೆಯುತ್ತ ಸರ್ಕಾರದ ಕಣ್ಣು ತಪ್ಪಿಸುತ್ತಾನೆ. ಮಹಾರ ಸಿಪಾಯಿ ಸರ್ಕಾರಕ್ಕೆ ಬರೆಯುತ್ತ ತನ್ನ ಮನೆಯ ಮಾತು ಹೇಳುತ್ತಾನೆ. ಮಕ್ಕಳ ಓದು, ಹೊಟ್ಟೆಪಾಡು, ಮರ್ಯಾದೆ, ಸತ್ತ ಅಜ್ಜಂದಿರ ನೆನಪು ಎಲ್ಲ ಅದರಲ್ಲಿವೆ. ಹೆಂಡತಿಯ ಎದುರು ಹೇಳಿಕೊಳ್ಳಬೇಕಾದ ದುಃಖವನ್ನು ದೊರೆಯ ಎದುರು ಕಾನೂನಿನ ಭಾಷೆಯಲ್ಲಿ ಹೇಳಬೇಕಾಗಿ ಬಂದ ಸಂಕಟ ಆ ಬರಹದ ಶೈಲಿಯಲ್ಲೇ ಇದೆ.

ಹಾಗಂತ ಇವುಗಳನ್ನೂ ಪೂಜೆ ಮಾಡುವುದು ಬೇಡ. ವಲಂಗಕರರ ಮನವಿ, ಮಹಾರರು ಮೂಲದಲ್ಲಿ ಕ್ಷತ್ರಿಯರು, ಹಿಂದಿನ ಘೋರ ಬರಗಾಲವೊಂದರಲ್ಲಿ ತಿನ್ನಬಾರದ್ದು ತಿಂದು ಕೀಳಾದರು ಅಂತ ವಾದ ಹೂಡುತ್ತದೆ. ಅಂದರೆ ಬಾಗಿಲು ಮುಚ್ಚಿದವನ ಕೀಲಿಯಿಂದಲೇ ಬಾಗಿಲು ತೆಗೆಯುವ ಯತ್ನ. ಶೂರಕುಲ ಅನ್ನೋದೇ ಸುಳ್ಳು ಎನ್ನದೆ, ನಾವೂ ಶೂರಕುಲದವರು ಎನ್ನುತ್ತದೆ. ಹದಿನಾರು ವರ್ಷ ಕಳೆದು ಬಂದ 1910ರ ಮನವಿಯಲ್ಲಿ ಸಮಾನ ಪ್ರಜೆಗಳಾಗಿ ಕೇಳುವ ದನಿ ಗಟ್ಟಿಯಾಗುತ್ತದೆ. ಪೋಲೀಸು, ಸೈನ್ಯಗಳ ತೀರ ಕೆಳಗಿನ ಹುದ್ದೆಗಳನ್ನಾದರೂ ತೆರೆಯಿರಿ ಅನ್ನೋದು ಅದರ ಬೇಡಿಕೆ. ಒಂದರಲ್ಲಿ ವಂಶದ ಹಕ್ಕು, ಇನ್ನೊಂದರಲ್ಲಿ ಮನುಷ್ಯನ ಹಕ್ಕು. ನಮ್ಮ ಚಿಂತನೆ ನಡೆದ ದಾರಿಯನ್ನು ಈ ಎರಡರ ನಡುವೆ ಅಳೆಯಬಹುದು. ಇವತ್ತಿಗೂ ಕೋರೆಗಾಂವಿನ ಹೆಮ್ಮೆ ಮೊದಲನೆಯದಕ್ಕೆ ಜಾರುವ ಅಪಾಯ ಇದ್ದೇ ಇದೆ.

ಯುದ್ಧ ಜನರನ್ನು ತಿಂದು ಮುಗಿಸುತ್ತ ಬಂದಾಗ ಸರ್ಕಾರಕ್ಕೆ ಮಹಾರರ ನೆನಪಾಯಿತು. 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು, 1921ರಲ್ಲಿ ಬರಖಾಸ್ತು ಮಾಡಿದರು. ಎರಡನೇ ಮಹಾಯುದ್ಧ ಬಂದಾಗ ಮತ್ತೆ ನೆನಪಾಯಿತು. ಅಂಬೇಡ್ಕರರು ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದ 1941ರಲ್ಲಿ, ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. ಅದು ಉಳಿಯಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನು 1946ರಲ್ಲಿ ಮುಚ್ಚಿದರು. ಗುಂಡಿಗೆ ಎದೆ ಬೇಕಾದಾಗ ಜಾತಿ ಅಡ್ಡ ಬರುವುದಿಲ್ಲ, ಗುಂಡು ನಿಂತ ಮೇಲೆ ಬರುತ್ತದೆ.

5

ಕೊನೆಯದಾಗಿ ಒಂದು ಕಾಗದದ ಮಾತು. ಅಂಬೇಡ್ಕರರು ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ 1901ರ ಒಂದು ಪ್ರಯಾಣದ ಕಥೆ ಹೇಳಿದ್ದಾರೆ. ಸೈನ್ಯದಿಂದ ನಿವೃತ್ತರಾದ ತಂದೆ ಗೋರೆಗಾಂವಿನಲ್ಲಿ ಖಜಾಂಚಿ ಕೆಲಸದಲ್ಲಿದ್ದರು. ಸಾತಾರದಲ್ಲಿದ್ದ ಮಕ್ಕಳನ್ನು ಬೇಸಿಗೆ ರಜೆಗೆ ಬನ್ನಿ ಅಂತ ಕರೆದರು. ಮಕ್ಕಳು ಇಂಥ ದಿನ ಬರುತ್ತೇವೆ ಅಂತ ಕಾಗದ ಬರೆದು, ಹೊಸ ಬಟ್ಟೆ ತೊಟ್ಟು ರೈಲು ಹತ್ತಿದರು. ಮಸೂರು ನಿಲ್ದಾಣಕ್ಕೆ ಯಾರೂ ಬಂದಿರಲಿಲ್ಲ. ಮಹಾರರ ಮಕ್ಕಳು ಅಂತ ತಿಳಿದಾಗ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಎರಡು ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು; ರಾತ್ರಿಯೆಲ್ಲ ಕುಡಿಯಲು ನೀರು ಸಿಗಲಿಲ್ಲ. ಮಾರನೆಯ ದಿನ ತಲುಪಿದಾಗ ತಂದೆಗೆ ಆಶ್ಚರ್ಯ. ಮಕ್ಕಳ ಕಾಗದ ಬಂದಿತ್ತು, ಆಳು ಅದನ್ನು ಅವರ ಕೈಗೆ ಕೊಡಲು ಮರೆತಿದ್ದ.

ಅಕ್ಷರ ಬಲ್ಲ ಸುಬೇದಾರರ ಮನೆ ಅದು. ಕಾಗದ ಬರೆಸಲು, ಓದಿಸಿಕೊಳ್ಳಲು ಯಾರ ಹಂಗೂ ಇರಲಿಲ್ಲ. ಮೇಲುಜಾತಿಯ ಮನೆಯಲ್ಲಾಗಿದ್ದರೆ ಒಂದು ಕಾಗದ ತಪ್ಪಿದ್ದಕ್ಕೆ ಮಕ್ಕಳು ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು, ಅಷ್ಟೆ. ದಾರಿಯ ಯಾರಾದರೂ ನೀರು ಕೊಡುತ್ತಿದ್ದರು. ಈ ಮಕ್ಕಳಿಗೆ ಆ ಒಂದು ಕಾಗದವೇ ರಕ್ಷಣೆಯಾಗಿತ್ತು. ಅದು ತಪ್ಪಿದ ಕೂಡಲೇ ಊರು ತನ್ನ ಮುಖ ತೋರಿಸಿತು. ಕಂದಕದ ಸಿಪಾಯಿಯ ಕಾಗದಗಳಲ್ಲಿ ಅಪಾಯ ದೂರದ ರಣರಂಗದಲ್ಲಿದೆ, ಮನೆ ಕ್ಷೇಮವಾಗಿದೆ. ದಲಿತ ಸೈನಿಕನ ಕಾಗದದಲ್ಲಿ ಅಪಾಯ ಮನೆಯ ದಾರಿಯಲ್ಲೇ ಕೂತಿದೆ. ಮನೆಗೆ ಬರೆದ ಕಾಗದ ಎಂಬ ಪ್ರಕಾರದ ಅರ್ಥವನ್ನೇ ಈ ವ್ಯತ್ಯಾಸ ಬದಲಾಯಿಸುತ್ತದೆ.

ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕವಿತೆ, ಕಾದಂಬರಿಗಳ ಗುಣದೋಷ ಹೇಳುವುದು ಅಂತ ತಿಳಿದವರು ನಮ್ಮಲ್ಲೇ ಇದ್ದಾರೆ. ಅಷ್ಟಕ್ಕೇ ನಿಂತರೆ, ಬರೆಯಲಾಗದವರನ್ನು ನಾವೂ ಹೊರಗಿಟ್ಟ ಹಾಗಾಗುತ್ತದೆ. ಮೇಲುಜಾತಿಯ ಸಿಪಾಯಿಯ ಕಾಗದವನ್ನು ಅದರ ಕಕ್ಕಸು ತೊಳೆದವನ ಕಡೆಯಿಂದ ಓದುವುದು ನಮ್ಮ ಕೆಲಸ. ಸಮಾಧಿಯ ಕಲ್ಲನ್ನು, ಪೆನ್ಶನ್ ಪಟ್ಟಿಯನ್ನು, ಮನವಿಯನ್ನು ಸಾಹಿತ್ಯದ ಗಂಭೀರತೆಯಿಂದ ಓದುವುದೂ ನಮ್ಮ ಕೆಲಸ. ಬೆಳಗಾವಿಯ ಪಡೆಗಳಿಗೆ, ಬೆಂಗಳೂರಿನ ಸ್ಯಾಪರ್ಸಿಗೆ ಸೇರಿದವರ ಮೊಮ್ಮಕ್ಕಳು ಈ ನಾಡಿನಲ್ಲಿದ್ದಾರೆ. ತಗಡಿನ ಟ್ರಂಕುಗಳ ತಳದಲ್ಲಿ ಸಂಬಳದ ಪುಸ್ತಕ, ಪದಕದ ರಟ್ಟಿನ ಡಬ್ಬಿ, ಮನಿಯಾರ್ಡರ್ ಫಾರಮ್ಮಿನ ಹರಿದ ತುಂಡು ಇನ್ನೂ ಇದ್ದಾವು. ಆ ತುಂಡಿನ ಮೇಲೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು. ಯಾರ ಕೈಯಲ್ಲಿ ಬರೆಸಿದ್ದೋ, ಅದೂ ಮನೆಗೆ ಬರೆದ ಕಾಗದವೇ. ಗೆದ್ದಲು ಹಿಡಿಯುವ ಮೊದಲು ಅವನ್ನು ಹೊರತೆಗೆದು, ನಕಲು ಮಾಡಿ, ಇಂಥ ಪತ್ರಿಕೆಗಳಲ್ಲಿ ಅಚ್ಚು ಹಾಕಬೇಕು. ವಿಮರ್ಶೆಗೆ ಬೇಕಾದ ಪಠ್ಯವನ್ನು ಈ ಸಲ ವಿಮರ್ಶಕನೇ ಕೇರಿಗೆ ಹೋಗಿ ಕೇಳಿ ತರಬೇಕಾಗಿದೆ.